53,68,70,911ನ್ನು ಕೈಲೆಕ್ಕದಲ್ಲೇ ಒಡೆದದ್ದು

2ರ 29ನೇ ಘಾತ 53,68,70,912. ಒಂಬತ್ತು ಅಂಕಿಗಳಿದ್ದರೂ ಒಂದೂ ಮರುಕಳಿಸುವುದಿಲ್ಲ, 4 ಮಾತ್ರ ಕಾಣುವುದಿಲ್ಲ. ಆ ಸೊಗಸಿಗೆ ಮನಸೋತು ಈ ಸಂಖ್ಯೆಯ ಹಿಂದೆ ಬಿದ್ದವನು ನಾನು. ಆದರೆ ಹಟ ಹಿಡಿದು ಕೂತದ್ದು ಅದಕ್ಕಿಂತ ಒಂದು ಕಡಿಮೆಯ 53,68,70,911ರ ಮುಂದೆ. ಇದು ಅವಿಭಾಜ್ಯವೇ? ಪೆನ್ಸಿಲು, ಹಾಳೆ ಬಿಟ್ಟು ಬೇರೇನನ್ನೂ ಮುಟ್ಟಬಾರದೆಂದು ನಿಶ್ಚಯಿಸಿದ್ದೆ.

ಮೊದಲು 3, 5, 7, 11 ಎಂದು ಸಾಲಾಗಿ ಭಾಗಿಸಿದೆ. 97ರ ತನಕ ಬಂದರೂ ಪ್ರತಿ ಸಲವೂ ಶೇಷ ಉಳಿಯಿತು. ವರ್ಗಮೂಲ 23,170ಕ್ಕಿಂತ ತುಸು ಹೆಚ್ಚು. ಅಷ್ಟರೊಳಗೆ ಎರಡು ಸಾವಿರಕ್ಕೂ ಮಿಕ್ಕಿ ಅವಿಭಾಜ್ಯಗಳಿವೆ. ಹೀಗೆ ಮುಂದುವರಿಯುವುದು ವ್ಯರ್ಥ ಎನಿಸಿ, ಸಂಖ್ಯೆ ಹುಟ್ಟಿದ ಬಗೆಯನ್ನೇ ಯೋಚಿಸತೊಡಗಿದೆ.

‘ಪ’ ಎಂಬ ಅವಿಭಾಜ್ಯ ಇದನ್ನು ಭಾಗಿಸುವುದಾದರೆ, 2ರ 29ನೇ ಘಾತವನ್ನು ಪ-ದಿಂದ ಭಾಗಿಸಿದಾಗ ಶೇಷ 1. ಘಾತ ಏರಿದಂತೆ ಶೇಷಗಳು ಚಕ್ರದಂತೆ ಸುತ್ತುತ್ತವೆ. 29 ಅವಿಭಾಜ್ಯವಾದ್ದರಿಂದ ಆ ಸುತ್ತಿನ ಉದ್ದ 29 ಆಗಲೇಬೇಕು. ಫರ್ಮಾನ ಕಿರುಪ್ರಮೇಯದಂತೆ 2ರ (ಪ-1)ನೇ ಘಾತಕ್ಕೂ ಶೇಷ 1. ಅಂದಮೇಲೆ 29 ಎಂಬುದು ಪ-1ನ್ನು ಭಾಗಿಸುತ್ತದೆ. ಪ ಬೆಸ, ಆದ್ದರಿಂದ 58 ಕೂಡ ಭಾಗಿಸುತ್ತದೆ. ಜೊತೆಗೆ, ಪ-ವನ್ನು 8ರಿಂದ ಭಾಗಿಸಿದರೆ ಶೇಷ 1 ಅಥವಾ 7 ಇರಬೇಕೆಂಬ ಇನ್ನೊಂದು ನಿಯಮವೂ ಇದೆ.

58ರ ಗುಣಕಗಳಿಗೆ ಒಂದು ಕೂಡಿಸಿದೆ: 59, 117, 175, 233. 59ಕ್ಕೆ 8ರ ಶೇಷ 3, ಅದು ಹೋಯಿತು. 117, 175 ಅವಿಭಾಜ್ಯಗಳೇ ಅಲ್ಲ. ಉಳಿದದ್ದು 233. ದೊಡ್ಡ ಭಾಗಾಕಾರವೂ ಬೇಕಾಗಲಿಲ್ಲ, ಶೇಷಗಳನ್ನಷ್ಟೇ ಹಿಡಿದು ನಡೆದೆ. 2ರ 8ನೇ ಘಾತ 256, ಶೇಷ 23. ಅದರ ವರ್ಗ 529, ಶೇಷ 63. ಇದು 16ನೇ ಘಾತದ್ದು. 63ನ್ನು 23ರಿಂದ ಗುಣಿಸಿದರೆ 1449, ಶೇಷ 51. ಇದು 24ನೇ ಘಾತದ್ದು. ಇನ್ನು ಐದು ಘಾತ ಬೇಕು: 51ನ್ನು 32ರಿಂದ ಗುಣಿಸಿದರೆ 1632. 233ರ ಏಳರಷ್ಟು 1631. ಶೇಷ 1! ಆ ಒಂದನ್ನು ಬರೆಯುವಾಗ ನನ್ನ ಕೈ ನಡುಗಿತು.

ಭಾಗಲಬ್ಧ 23,04,167, ಅದರ ವರ್ಗಮೂಲ 1518ರೊಳಗೆ. ಮತ್ತೆ 233ರಿಂದ ಭಾಗಿಸಿದರೆ ಶೇಷ 30. 58 ಮತ್ತು 8ರ ಆ ಎರಡು ನಿಯಮಗಳ ಜರಡಿಯಲ್ಲಿ ಮುಂದೆ ಉಳಿದದ್ದು 929, ಅದಕ್ಕೆ ಶೇಷ 247. ಆಮೇಲೆ 1103. ಅದು ನಿಶ್ಶೇಷವಾಗಿ ಭಾಗಿಸಿತು, ಉತ್ತರ 2089.

1644ರಲ್ಲಿ ಫ್ರಾನ್ಸಿನ ವಿದ್ವಾಂಸ ಮರ್ಸೆನ್, 2ರ ಯಾವ ಘಾತಗಳಿಂದ ಒಂದು ಕಳೆದರೆ ಅವಿಭಾಜ್ಯ ಬರುತ್ತದೆ ಎಂಬ ಪಟ್ಟಿ ಕೊಟ್ಟಾಗ 29ನ್ನು ಸೇರಿಸಿರಲಿಲ್ಲ. ಅದು ಸರಿಯೆಂದು ನನ್ನ ಹಾಳೆಯೇ ಹೇಳಿತು. ಅದೇ ಪಟ್ಟಿಯ 67 ತಪ್ಪಾಗಿತ್ತು. 2ರ 67ನೇ ಘಾತದಿಂದ ಒಂದು ಕಳೆದದ್ದರ ಎರಡು ಅಪವರ್ತನಗಳನ್ನು ಅಮೆರಿಕದ ಗಣಿತಜ್ಞ ಕೋಲ್ 1903ರಲ್ಲಿ ತೋರಿಸಿದರು.

2089 ಅವಿಭಾಜ್ಯವೇ ಎಂಬುದನ್ನು ಬೇರೆಯಾಗಿ ಪರೀಕ್ಷಿಸಬೇಕಾಗಲಿಲ್ಲ. ಅದಕ್ಕೊಂದು ಅವಿಭಾಜ್ಯ ಭಾಜಕವಿದ್ದರೆ ಅದೂ ಇದೇ ಜರಡಿ ದಾಟಿ ಬರಬೇಕು, ಅಂದರೆ 233ಕ್ಕಿಂತ ಚಿಕ್ಕದಿರಲಾರದು. 2089ರ ವರ್ಗಮೂಲವೋ 46ನ್ನೂ ಮುಟ್ಟುವುದಿಲ್ಲ.