ಅನಾನಸ್‌ಗೆ ಮೊದಲು ಬೆಂಕಿ, ಆಮೇಲೆ ಮೊಸರು

ಎಪ್ರಿಲ್-ಮೇ ಬಿಸಿಲಲ್ಲಿ ಹಣ್ಣಾದ ಅನಾನಸ್ ಬೇರೆ, ಕೊಡಗಿನ ಮಳೆ ಕುಡಿದು ಹಣ್ಣಾದದ್ದು ಬೇರೆ. ಮೊದಲನೆಯದು ಹಾಗೇ ಕೊಯ್ದು ತಿನ್ನಲು ಯೋಗ್ಯ. ಎರಡನೆಯದರಲ್ಲಿ ಹುಳಿಯೇ ಮುಂದು, ಅದು ಗೊಜ್ಜಿಗಿರಲಿ. ಸಣ್ಣಗೆ, ಕಣ್ಣು ಆಳವಾಗಿ, ಒಳಗೆ ಬಂಗಾರದ ಬಣ್ಣವಿದ್ದರೆ ಮಾರಿಷಸ್ ಜಾತಿ, ಗರಿಗರಿ, ಸಿಹಿ. ದಪ್ಪಗೆ, ತಿಳಿ ಹಳದಿ ತಿರುಳಿನದು ಕ್ಯೂ. ಅದರಲ್ಲಿ ರಸ ಜಾಸ್ತಿ.

ಕೊಳ್ಳುವಾಗ ಜುಟ್ಟಿನ ಎಲೆ ಎಳೆದು ನೋಡುವುದರಿಂದ ಏನೂ ಗೊತ್ತಾಗುವುದಿಲ್ಲ. ಹಣ್ಣು ತಿರುಗಿಸಿ ತೊಟ್ಟಿನ ಕಡೆ ಮೂಸಿ. ಘಮ ಬಂದರೆ ತನ್ನಿ, ಹೆಂಡದ ವಾಸನೆ ಬಂದರೆ ಬಿಡಿ. ಕೊಯ್ದ ಮೇಲೆ ಸಿಪ್ಪೆ ಹಳದಿಯಾದೀತು, ಸಿಹಿ ಮಾತ್ರ ಏರುವುದಿಲ್ಲ. ಹಾಗಾಗಿ ಎಳೆಯದನ್ನು ತಂದು ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟು ಕಾಯುವುದು ವ್ಯರ್ಥ. ಇಡೀ ಹಣ್ಣನ್ನು ಫ್ರಿಜ್‌ನಲ್ಲಿ ದಿನಗಟ್ಟಲೆ ಇಟ್ಟರೆ ನಡುದಿಂಡಿನ ಸುತ್ತ ಕಪ್ಪಾಗುತ್ತದೆ. ಕೊಯ್ದ ಹೋಳನ್ನು ಮುಚ್ಚಿಟ್ಟರೆ ಮೂರು ದಿನ ಬರುತ್ತದೆ.

ಸಿಪ್ಪೆಯನ್ನು ದಪ್ಪಗೆ ಹೆರೆದು ಅರ್ಧ ಹಣ್ಣು ಎಸೆಯಬೇಡಿ. ಎರಡೂ ತುದಿ ಕೊಯ್ದು ಹಣ್ಣನ್ನು ನಿಲ್ಲಿಸಿ, ಸಿಪ್ಪೆಯನ್ನು ತೆಳ್ಳಗೆ ಮೇಲಿಂದ ಕೆಳಕ್ಕೆ ಇಳಿಸಿ. ಕಣ್ಣುಗಳು ಉಳಿಯುತ್ತವೆ, ಉಳಿಯಲಿ. ಗಮನಿಸಿ ನೋಡಿದರೆ ಅವು ಓರೆ ಸಾಲಿನಲ್ಲಿ ಸುತ್ತಿಕೊಂಡಿರುತ್ತವೆ. ಒಂದು ಸಾಲಿನ ಎರಡೂ ಬದಿಗೆ ಚಾಕುವನ್ನು ಓರೆಯಾಗಿ ಹಾಯಿಸಿದರೆ ನಾಲ್ಕೈದು ಕಣ್ಣು ಒಟ್ಟಿಗೇ ಪಟ್ಟಿಯಾಗಿ ಎದ್ದು ಬರುತ್ತವೆ, ಹಣ್ಣಿನ ಮೇಲೆ ಸಣ್ಣ ಕಾಲುವೆ ತೋಡಿದ ಹಾಗಾಗುತ್ತದೆ. ಬುಡದ ಕಡೆಯೇ ಸಿಹಿ ಹೆಚ್ಚು. ಆದ್ದರಿಂದ ಬಿಲ್ಲೆ ಮಾಡದೆ ಉದ್ದಕ್ಕೆ ಸೀಳಿ. ಎಲ್ಲರ ಪಾಲಿಗೂ ಸಿಹಿ ತುದಿ ಬರುತ್ತದೆ.

ಒಂದು ಲೀಟರ್ ನೀರಿಗೆ ಒಂದು ಚಮಚ ಉಪ್ಪು ಕದಡಿ ಹೋಳನ್ನು ಐದು ನಿಮಿಷ ಮುಳುಗಿಸಿ ತೆಗೆದರೆ ನಾಲಿಗೆ ಚುರುಚುರು ಅನ್ನುವುದು ಕಡಿಮೆಯಾಗುತ್ತದೆ. ಮೇಲಿಂದ ಆಗಷ್ಟೇ ಜಜ್ಜಿದ ಕರಿಮೆಣಸು, ಇಲ್ಲವೇ ಉಪ್ಪಿನ ಜೊತೆ ಅರೆದ ಗಾಂಧಾರಿ ಮೆಣಸು ಉದುರಿಸಿ. ಚಾಟ್ ಮಸಾಲೆಗಿಂತ ಇದು ಎಷ್ಟೋ ವಾಸಿ.

ಚುರುಚುರು ಮಾಡುವವರಲ್ಲಿ ಬ್ರೋಮೆಲೈನ್ ಎಂಬ ಕಿಣ್ವವೂ ಒಂದು. ಅದು ಪ್ರೋಟೀನನ್ನು ಕತ್ತರಿಸುತ್ತದೆ. ಹಸಿ ಅನಾನಸ್ ಹಾಕಿದ ಮೊಸರು, ಹಾಲು ಸ್ವಲ್ಪ ಹೊತ್ತಿಗೇ ಕಹಿಯಾಗುವುದು, ಜೆಲಾಟಿನ್ ಗಟ್ಟಿಯಾಗದಿರುವುದು ಇದರಿಂದಲೇ. ಹೋಳನ್ನು ನಾಲ್ಕೈದು ನಿಮಿಷ ಚೆನ್ನಾಗಿ ಕುದಿಸಿದರೆ ಅದರ ಆಟ ಮುಗಿಯಿತು. ಮೊಸರು ಬೆರೆಸುವ ಅನಾನಸ್ ಸಾಸಿವೆ ಮಾಡುವವರು ಇದನ್ನು ಮರೆಯಬಾರದು: ಹೋಳು ಬೇಯಿಸಿ, ಪೂರ್ತಿ ಆರಿಸಿ, ಅರ್ಧ ಕಪ್ ತೆಂಗಿನತುರಿಗೆ ಅರ್ಧ ಚಮಚ ಸಾಸಿವೆ, ಒಂದು ಹಸಿಮೆಣಸು ಸೇರಿಸಿ ಅರೆದು ಬೆರೆಸಿ, ಮೊಸರನ್ನು ಕೊನೆಗೆ ಹಾಕಿ.

ಇನ್ನು ಗೊಜ್ಜು. ಮಧ್ಯಮ ಗಾತ್ರದ ಒಂದು ಹಣ್ಣಿನಿಂದ ಸುಮಾರು ನಾಲ್ಕು ಕಪ್ ಹೋಳು ಸಿಗುತ್ತದೆ. ಸ್ಟೀಲ್ ಇಲ್ಲವೇ ಮಣ್ಣಿನ ಪಾತ್ರೆ ಇಡಿ. ಕಬ್ಬಿಣ, ಅಲ್ಯೂಮಿನಿಯಂನಲ್ಲಿ ಹುಳಿ ಸೇರಿ ಲೋಹದ ರುಚಿ ಬರುತ್ತದೆ. ಒಂದು ಕಪ್ ನೀರು, ಕಾಲು ಚಮಚ ಅರಿಶಿನ, ಒಂದು ಚಮಚ ಉಪ್ಪು ಹಾಕಿ ಹೋಳು ಬೇಯಲು ಬಿಡಿ. ಅಷ್ಟರಲ್ಲಿ ಒಂದು ಚಮಚ ಎಣ್ಣೆಯಲ್ಲಿ ಒಂದು ದೊಡ್ಡ ಚಮಚ ಉದ್ದಿನಬೇಳೆ, ಒಂದು ಚಮಚ ಕೊತ್ತಂಬರಿ ಬೀಜ, ಎಂಟು ಬ್ಯಾಡಗಿ ಮೆಣಸಿನಕಾಯಿ ಹುರಿಯಿರಿ. ಬೇಳೆ ಕೆಂಪಾಗುತ್ತಾ ಬಂದಾಗ ಹತ್ತು-ಹನ್ನೆರಡು ಕಾಳು ಮೆಂತ್ಯ ಹಾಕಿ. ಎಳ್ಳು ಎರಡು ದೊಡ್ಡ ಚಮಚ, ಎಲ್ಲಕ್ಕಿಂತ ಕೊನೆಗೆ. ಚಟಪಟ ಅಂದ ಕೂಡಲೇ ಇಳಿಸಿ. ಆರಿದ ಮೇಲೆ ಅರ್ಧ ಕಪ್ ತೆಂಗಿನತುರಿ, ಸಣ್ಣ ನೆಲ್ಲಿಕಾಯಿಯಷ್ಟು ಹುಣಸೆಹಣ್ಣಿನೊಂದಿಗೆ ನುಣ್ಣಗೆ ಅರೆಯಿರಿ. ಹಣ್ಣೇ ಹುಳಿಯಿದ್ದರೆ ಹುಣಸೆ ಬೇಡ.

ಹೋಳು ಬೆರಳಲ್ಲಿ ಒತ್ತಿದರೆ ಬಿಡುವಷ್ಟು ಬೆಂದ ಮೇಲಷ್ಟೇ ಬೆಲ್ಲ. ಮೊದಲೇ ಹಾಕಿದರೆ ಹೋಳು ಬಿಗಿದುಕೊಂಡು ಮತ್ತೆ ಮೆತ್ತಗಾಗಲು ಹಠ ಹಿಡಿಯುತ್ತದೆ. ಮೂರು ದೊಡ್ಡ ಚಮಚದಿಂದ ಶುರುಮಾಡಿ, ನಾಲಿಗೆಗಿಟ್ಟು ನೋಡಿ ಏರಿಸಿ. ಮಸಾಲೆ ಬೆರೆಸಿ ಆರೇಳು ನಿಮಿಷ ಕುದಿಸಿ, ಸಾಸಿವೆ, ಕರಿಬೇವು, ಇಂಗಿನ ಒಗ್ಗರಣೆ ಕೊಡಿ. ನೀರಾಯಿತೆಂದು ಅಕ್ಕಿಹಿಟ್ಟು ಕದಡಬೇಡಿ, ಮುಚ್ಚಳ ತೆಗೆದು ಕುದಿಸಿ. ಕಹಿಯಾಗಿದ್ದರೆ ಮೆಂತ್ಯ ಸೀದಿದೆ ಅಂತಲೇ ಅರ್ಥ, ಅದಕ್ಕೆ ಮದ್ದಿಲ್ಲ. ಎರಡು ಗಂಟೆ ಬಿಟ್ಟು ಬಡಿಸಿದರೆ ಹೋಳು ರಸ ಹೀರಿಕೊಂಡಿರುತ್ತದೆ. ಅನ್ನಕ್ಕೂ ಸರಿ, ಬಿಸಿ ನೂಪುಟ್ಟಿಗೆ (ಕೊಡಗಿನ ಅಕ್ಕಿ ಶಾವಿಗೆ) ಇನ್ನೂ ಸರಿ.

ಅನಾನಸ್ ಕೇಸರಿಬಾತ್‌ಗೆ ಒಂದೇ ಮಾತು: ರವೆ ನೀರಲ್ಲಿ ಪೂರ್ತಿ ಅರಳುವ ಮುಂಚೆ ಸಕ್ಕರೆ ಹಾಕಿದರೆ ರವೆ ಹಸಿಯಾಗೇ ಉಳಿಯುತ್ತದೆ.

ಮಾಂಸ ಮೆತ್ತಗಾಗಿಸಲು ಅದೇ ಬ್ರೋಮೆಲೈನ್ ಬೇಕು, ಹಾಗಾಗಿ ಇಲ್ಲಿ ಹಣ್ಣು ಹಸಿಯೇ ಇರಬೇಕು. ಡಬ್ಬಿಯದು ಕಾದು ಬಂದಿರುವುದರಿಂದ ಕೆಲಸಕ್ಕೆ ಬಾರದು. ಒಂದು ಕಿಲೋ ಹಂದಿಮಾಂಸಕ್ಕೆ ಒಂದು ದೊಡ್ಡ ಚಮಚ ಅರೆದ ಹಣ್ಣು, ಅರ್ಧ ಗಂಟೆ, ಅಷ್ಟೇ. ರಾತ್ರಿಯಿಡೀ ಬಿಟ್ಟರೆ ಹೊರಮೈ ಹಿಟ್ಟು ಹಿಟ್ಟಾಗುತ್ತದೆ. ಇದೂ ಒಣಗಿಸಿ ಹುರಿಯುವ ತುಂಡಿಗೆ ಮಾತ್ರ. ಕೊಡವರ ಹಂದಿಮಾಂಸದ ಸಾರು ಪಂದಿ ಕರಿಗೆ ಅನಾನಸ್ ಬೇಡವೇ ಬೇಡ, ಅದರ ಹುಳಿ ಕೊಡಗಿನ ಕಪ್ಪು ಹುಳಿರಸ ಕಾಚಂಪುಳಿಯದ್ದೇ.

ಗಟ್ಟಿ ನಡುದಿಂಡನ್ನು ತುರಿದು ತಿಳಿಸಾರಿಗೆ ಹಾಕಿ ಕುದಿಸಿ. ಟೊಮೆಟೊ ಅರ್ಧ ಸಾಕು. ಸಿಪ್ಪೆಯನ್ನು ಬ್ರಶ್ಶಿನಲ್ಲಿ ಉಜ್ಜಿ ತೊಳೆದು, ಒಂದೂವರೆ ಲೀಟರ್ ನೀರು, ಬೆಲ್ಲದ ಉಂಡೆ, ಜಜ್ಜಿದ ಶುಂಠಿ, ನಾಲ್ಕು ಕಾಳುಮೆಣಸಿನೊಂದಿಗೆ ಇಪ್ಪತ್ತು ನಿಮಿಷ ಕುದಿಸಿ ಸೋಸಿದರೆ ಮಳೆಗಾಲಕ್ಕೆ ಒಳ್ಳೆಯ ಬಿಸಿ ಪಾನಕ. ಜುಟ್ಟನ್ನು ಎಸೆಯುವ ಮುನ್ನ ಬುಡದ ಎಲೆ ನಾಲ್ಕು ಸುತ್ತು ಕಿತ್ತು, ಮೂರು ದಿನ ನೆರಳಲ್ಲಿ ಒಣಗಿಸಿ, ನೀರು ನಿಲ್ಲದ ಕಡೆ ನೆಡಿ. ಒಣಗಿಸದೆ ನೆಟ್ಟರೆ ಜುಲೈ ಮಳೆಗೆ ಕೊಳೆಯುತ್ತದೆ. ಹಣ್ಣಿಗೆ ಒಂದೂವರೆಯಿಂದ ಎರಡು ವರ್ಷ ಕಾಯಬೇಕು.