ಪಣಂಬೂರಿನಿಂದ ಕುದುರೆಮುಖಕ್ಕೆ: ಅದಿರು ಇಳಿದು ಬಂದ ದಾರಿಯನ್ನು ಹತ್ತಿದ ಪ್ರವಾಸ

ಮಂಗಳೂರಿನ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುವ ನಾನು ಒಂಬತ್ತನೆಯ ತರಗತಿಯ ಮಕ್ಕಳನ್ನು ಈವರೆಗೆ ಮೂರು ಬಾರಿ ಕುದುರೆಮುಖಕ್ಕೆ ಕರೆದೊಯ್ದಿದ್ದೇನೆ. ಮೊದಲ ಪ್ರವಾಸದಲ್ಲಿ ಮಕ್ಕಳಿಗೆ ದಕ್ಕಿದ್ದು ಒಂದು ಜಲಪಾತ, ಒಂದಿಷ್ಟು ಉಂಬಳದ ಕಡಿತ ಮತ್ತು ಘಾಟಿಯ ತಿರುವುಗಳ ವಾಂತಿ ಮಾತ್ರ. ಗಣಿ ನಿಂತ ಪಟ್ಟಣದಲ್ಲಿ ಸಾಲು ಸಾಲಾಗಿ ಬಾಗಿಲು ಹಾಕಿಕೊಂಡಿದ್ದ ಮನೆಗಳನ್ನು ಕಂಡು ಹುಡುಗಿಯೊಬ್ಬಳು “ಸರ್, ಇಲ್ಲಿ ಜನ ಯಾಕಿಲ್ಲ?” ಎಂದು ಕೇಳಿದಾಗ ನಾನು ಕೊಟ್ಟ ಎರಡು ವಾಕ್ಯದ ಉತ್ತರ ನನಗೇ ಒಪ್ಪಿಗೆಯಾಗಲಿಲ್ಲ.

ಆದ್ದರಿಂದ ಎರಡನೆಯ ವರ್ಷ ಪ್ರವಾಸವನ್ನು ಬೆಟ್ಟದಿಂದಲ್ಲ, ಕಡಲಿನಿಂದ ಆರಂಭಿಸಿದೆ. ಬೆಳಗ್ಗೆ ಆರಕ್ಕೆ ಪಣಂಬೂರು ಕಡಲತೀರದಲ್ಲಿ ಬಸ್ಸು ನಿಲ್ಲಿಸಿ, ಹಾಳಾದ ಸ್ಪೀಕರಿನಿಂದ ಬಿಚ್ಚಿ ತಂದಿದ್ದ ಆಯಸ್ಕಾಂತದ ಬಿಲ್ಲೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಣ ಮರಳಿನ ಮೇಲೆ ಎಳೆಯಲು ಹೇಳಿದೆ. ಚೀಲದ ತಳದಲ್ಲಿ ಕಪ್ಪು ಹುಡಿ ಮೀಸೆಯಂತೆ ನಿಮಿರಿ ನಿಂತಿತು. ಕುದುರೆಮುಖದ ಅದಿರು ಮ್ಯಾಗ್ನಟೈಟ್, ಅಂದರೆ ಆಯಸ್ಕಾಂತಕ್ಕೆ ಅಂಟುವ ಕಬ್ಬಿಣದ ಖನಿಜ. ಆದರೆ ಇಲ್ಲಿನ ಅದಿರಿನಲ್ಲಿ ಕಬ್ಬಿಣದ ಪಾಲು ಕಡಿಮೆ. ಹಾಗಾಗಿ ಬಂಡೆಯನ್ನು ನುಣ್ಣಗೆ ಅರೆದು, ಕಬ್ಬಿಣದ ಹುಡಿಯನ್ನು ಬೇರ್ಪಡಿಸಿ, ನೀರಿನಲ್ಲಿ ಕಲಸಿ, 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಇದೇ ಪಣಂಬೂರಿಗೆ ಇಳಿಸುತ್ತಿದ್ದರು. 1976ರಲ್ಲಿ ಸ್ಥಾಪನೆಯಾದ ಸರಕಾರಿ ಕಂಪನಿಯ ಈ ಯೋಜನೆ ಇರಾನಿನ ಉಕ್ಕಿನ ಕಾರ್ಖಾನೆಗಳನ್ನು ನಂಬಿಕೊಂಡು ಹೊರಟದ್ದು. 1979ರ ಕ್ರಾಂತಿಯ ನಂತರ ಆ ಗಿರಾಕಿ ಕೈಬಿಟ್ಟಿತು, ಮುಂದೆ ಬಂದರಿನ ಬಳಿ ಹುಡಿಯನ್ನು ಉಂಡೆ ಮಾಡುವ ಪೆಲೆಟ್ ಕಾರ್ಖಾನೆ ಬಂತು. ಅದನ್ನು ರಸ್ತೆಯಿಂದಲೇ ತೋರಿಸಿದೆ. ಒಳಗೆ ಹೋಗಲು ಮುಂಚಿತ ಅನುಮತಿ ಬೇಕು, ಅಷ್ಟು ಓಡಾಡುವ ತಾಳ್ಮೆ ನನಗಿರಲಿಲ್ಲ.

ಪಡುಬಿದ್ರಿ, ಬೆಳ್ಮಣ್ ಮಾರ್ಗವಾಗಿ ಕಾರ್ಕಳ ಮುಟ್ಟಿದೆವು. 1432ರ ಗೊಮ್ಮಟನನ್ನು ಕೆಳಗಿನಿಂದಲೇ ಕಂಡು ಮುಂದೆ ಸಾಗಿದೆವು. ಬೆಟ್ಟ ಹತ್ತಿದರೆ ಒಂದು ಗಂಟೆ ಹೋಗುತ್ತದೆ, ಆ ಗಂಟೆ ಮೇಲೆ ಬೇಕಾಗುತ್ತದೆ. ಬಜಗೋಳಿ ದಾಟಿ ಮಾಳದ ತನಿಖಾ ಗೇಟಿನಲ್ಲಿ ವಾಹನದ ವಿವರ ಬರೆಸಿ ಚೀಟಿ ಪಡೆಯಬೇಕು. ಮೊದಲ ವರ್ಷ ನಾವು ಕಂಡಕಂಡಲ್ಲಿ ಬಸ್ಸು ನಿಲ್ಲಿಸುತ್ತ ಹೋಗಿ, ಚೀಟಿಯಲ್ಲಿದ್ದ ಸಮಯ ಮೀರಿ, ಇನ್ನೊಂದು ಗೇಟಿನಲ್ಲಿ ಐವತ್ತು ಮಕ್ಕಳ ಎದುರು ನಾನು ತಲೆತಗ್ಗಿಸಿ ನಿಂತಿದ್ದೆ. ತಪ್ಪು ನಮ್ಮದೇ. ಈಗ ಇಳಿಯುವುದು ಟಿಕೆಟ್ ಇರುವ ಹನುಮಾನ್‌ಗುಂಡಿಯಲ್ಲಿ ಮಾತ್ರ. ರಸ್ತೆಗೆ ತಾಗಿಕೊಂಡ ಕಡಾಂಬಿ ಜಲಪಾತವನ್ನು ಕಿಟಕಿಯಿಂದಲೇ ನೋಡುತ್ತೇವೆ. ಹನುಮಾನ್‌ಗುಂಡಿಯ ಮೆಟ್ಟಿಲು ಇಳಿಯುವಾಗ ಮಕ್ಕಳು ಹಾರುತ್ತಾರೆ, ಹತ್ತುವಾಗ ಕೂರುತ್ತಾರೆ. ಹಾಗಾಗಿ ಹತ್ತುವುದಕ್ಕೆ ಇಳಿದದ್ದರ ಎರಡರಷ್ಟು ಹೊತ್ತು ಇಟ್ಟುಕೊಳ್ಳಬೇಕು. ಉಂಬಳಕ್ಕೆ ಉಪ್ಪಿನ ಗಂಟು ಸಾಕು. ಮಳೆ ಇಳಿದ ಮೇಲೆ, ಅಕ್ಟೋಬರ್ ಕೊನೆಯಿಂದ ಡಿಸೆಂಬರ್‌ವರೆಗೆ ಹೋಗುವುದೇ ಒಳ್ಳೆಯದು.

ಪಟ್ಟಣವನ್ನು ಅರ್ಥ ಮಾಡಿಸಿದವರು ಮಾತ್ರ ನಾನಲ್ಲ. ವಿದ್ಯಾರ್ಥಿನಿಯೊಬ್ಬಳ ಅಜ್ಜ ಅಲ್ಲಿ ಕೆಲಸ ಮಾಡಿದ್ದವರು. ಅವರನ್ನು ಒತ್ತಾಯಿಸಿ ಬಸ್ಸು ಹತ್ತಿಸಿದ್ದೆ. ಮಲ್ಲೇಶ್ವರ ಎಂದೂ ಕರೆಯುವ ಆ ವಸತಿ ಬಡಾವಣೆಯಲ್ಲಿ ಇಳಿದ ಅವರು ಬೆರಳು ಚಾಚಿ ಕಿಟಕಿಗಳನ್ನು ಎಣಿಸಿ, ನಾಲ್ಕನೆಯದರಲ್ಲಿ ನಿಂತರು. ಅದರ ಸಜ್ಜೆಯ ಬಿರುಕಿನಲ್ಲಿ ಅಶ್ವತ್ಥದ ಸಸಿಯೊಂದು ಮೊಳದುದ್ದ ಬೆಳೆದಿತ್ತು. “ಮಾಸ್ಟ್ರೇ, ಜೂನಿನಿಂದ ನಾಲ್ಕು ತಿಂಗಳು ಇಲ್ಲಿ ಬಟ್ಟೆ ಒಣಗಿಸಲಿಕ್ಕೆ ಬಲ್ಬೇ ಗತಿ” ಎಂದರು. ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಮಳೆ ಬೀಳುವ ಊರು ಎಂದು ನಾನು ತರಗತಿಯಲ್ಲಿ ಹೇಳಿದ್ದಕ್ಕಿಂತ ಆ ಬಲ್ಬು ಮಕ್ಕಳಿಗೆ ಚೆನ್ನಾಗಿ ನೆನಪುಳಿಯಿತು.

ಆ ಮಳೆಯಿಂದಲೇ ಮುಂದಿನ ಕಥೆಯನ್ನು ಹೇಳುವುದು ನನಗೆ ಸುಲಭವಾಯಿತು. ಅರೆದ ಬಂಡೆಯಲ್ಲಿ ಕಬ್ಬಿಣ ತೆಗೆದು ಉಳಿದ ಕೆಸರನ್ನು ತಡೆದಿಡಲು ಲಕ್ಯಾ ಹೊಳೆಗೆ ಸುಮಾರು 100 ಮೀಟರ್ ಎತ್ತರದ ಅಣೆಕಟ್ಟು ಕಟ್ಟಿದರು. ಪ್ರವಾಸಿಗರು ಕೆರೆಯೆಂದು ಮೆಚ್ಚುವ ಲಕ್ಯಾ ನಿಜದಲ್ಲಿ ಹುಡಿಗಲ್ಲು ತುಂಬಿದ ಕಣಿವೆ. ಅಗೆದು ಬತ್ತಲಾದ ಬೆಟ್ಟದ ಮೇಲೆ ಅಂಥ ಮಳೆ ಸುರಿದಾಗ ಹೂಳು ಭದ್ರೆಗೆ ಇಳಿಯುತ್ತಿತ್ತು. 1980ರ ದಶಕದಲ್ಲಿ ನಮ್ಮ ಜಿಲ್ಲೆಯವರೇ ಆದ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಇಲ್ಲಿನ ಸಿಂಗಳೀಕಗಳ ಅಧ್ಯಯನ ನಡೆಸಿದ್ದರು. 1987ರಲ್ಲಿ ರಾಷ್ಟ್ರೀಯ ಉದ್ಯಾನದ ಘೋಷಣೆಯಾಯಿತು. 2002ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ನೀಡಿ, 2005ರ ಕೊನೆಯ ದಿನಕ್ಕೆ ಗಣಿಗಾರಿಕೆ ನಿಂತಿತು. ಅಜ್ಜ ಇದನ್ನು ಒಪ್ಪಲೂ ಇಲ್ಲ, ಅಲ್ಲಗಳೆಯಲೂ ಇಲ್ಲ. ನದಿಯ ಬಣ್ಣ ಕೆಂಪಾಗುತ್ತಿದ್ದುದು ನಿಜ, ಮನೆ ಬಿಟ್ಟ ದಿನ ಹೆಂಡತಿ ಅತ್ತದ್ದೂ ನಿಜ ಎಂದಷ್ಟೇ ಹೇಳಿದರು.

ಶಿಖರದ ಚಾರಣಕ್ಕೆ ನಾನು ಮಕ್ಕಳನ್ನು ಒಯ್ಯುವುದಿಲ್ಲ. ಅದಕ್ಕೆ ಅರಣ್ಯ ಇಲಾಖೆಯ ಪ್ರತ್ಯೇಕ ಅನುಮತಿ ಬೇಕು, ಪೂರ್ತಿ ಒಂದು ದಿನವೂ ಬೇಕು. ಊಟಕ್ಕೆ ಕಳಸ ದಾಟಿ ಹೊರನಾಡಿನವರೆಗೆ ಹೋಗುವ ಆಸೆ ಬೇಡ, ಬುತ್ತಿ ಕಟ್ಟಿಕೊಂಡರೆ ಮೂರು ಗಂಟೆ ಉಳಿಯುತ್ತದೆ.

ಉದ್ಯಾನದಿಂದ ಕಲ್ಲು, ಎಲೆ ಏನನ್ನೂ ತರುವಂತಿಲ್ಲ ಎಂದು ಮೊದಲೇ ಹೇಳಿರುತ್ತೇನೆ. ಆದರೂ ಕಳೆದ ಬಾರಿ ಬಸ್ಸು ಹೊರಡುವ ಮೊದಲು ತಲೆ ಎಣಿಸುತ್ತಿದ್ದಾಗ, ನನ್ನ ಕೈಯಲ್ಲಿದ್ದ ಸ್ಪೀಕರಿನ ಬಿಲ್ಲೆ ಹಿಂದಿನ ಸೀಟಿನ ಹುಡುಗನ ಚಡ್ಡಿಯ ಜೇಬಿಗೆ ಟಪ್ಪನೆ ಅಂಟಿಕೊಂಡಿತು. ಅವನು ಮಾತಿಲ್ಲದೆ ಇಳಿದು ಹೋಗಿ ಕಲ್ಲನ್ನು ಎತ್ತಿದಲ್ಲೇ ಇಟ್ಟು ಬಂದ.