ಹಾಫ್ ಕ್ಲಚ್ಚಿನಲ್ಲೇ ಸವೆದ ನನ್ನ ಗೇರ್‌ಬಾಕ್ಸ್

ನನ್ನ ಕಾರಿನಲ್ಲಿರುವುದು ಏಳು ಗೇರುಗಳ, ಒಣ (ಎಣ್ಣೆಯಲ್ಲಿ ಮುಳುಗಿರದ) ಕ್ಲಚ್ಚಿನ ಡ್ಯುಯಲ್ ಕ್ಲಚ್, ಅಂದರೆ ಎರಡು ಕ್ಲಚ್ಚುಗಳನ್ನು ಕಂಪ್ಯೂಟರೇ ಹಿಡಿದು ಬಿಡುವ ಆಟೋಮ್ಯಾಟಿಕ್ ಗೇರ್‌ಬಾಕ್ಸ್. ಬನಶಂಕರಿಯಿಂದ ಸಿಲ್ಕ್ ಬೋರ್ಡ್ ದಾಟಿ ಮಾರತಹಳ್ಳಿಗೆ ಆರು ವರ್ಷ ಓಡಾಡಿದ ಮೇಲೆ, 58,000 ಕಿಲೋಮೀಟರಿನ ಹೊತ್ತಿಗೆ, ಸಿಗ್ನಲ್‌ನಿಂದ ಹೊರಡುವಾಗ ಕಾರು ಅದುರತೊಡಗಿತು. ಬೆಳಿಗ್ಗೆ ಮನೆ ಬಿಡುವಾಗ ಏನೂ ಇರುತ್ತಿರಲಿಲ್ಲ. ಮುಕ್ಕಾಲು ಗಂಟೆ ಜಾಮಿನಲ್ಲಿ ತೆವಳಿದ ಬಳಿಕ, ಒಂದನೇ ಗೇರಿನಲ್ಲಿ ಹೊರಟು ಎರಡಕ್ಕೆ ಬೀಳುವ ತನಕ ಮಾತ್ರ ಸೀಟಿನ ತಳದಿಂದ ನಡುಕ ಏಳುತ್ತಿತ್ತು.

ಎಂಜಿನ್ ಮಿಸ್ ಆಗುತ್ತಿದ್ದರೂ, ಅದನ್ನು ಕೂರಿಸಿರುವ ರಬ್ಬರ್ ಮೌಂಟ್ ಸೋತಿದ್ದರೂ ಕಾರು ಅದುರಬಹುದಾದ್ದರಿಂದ ಮೊದಲು ಅವೆರಡನ್ನೂ ನೋಡಿಸಿದೆ; ದೋಷವಿರಲಿಲ್ಲ. ಆಮೇಲೆ ನಾನೇ ಒಂದು ಪರೀಕ್ಷೆ ಮಾಡಿದೆ. ಈ ಗೇರ್‌ಬಾಕ್ಸಿನಲ್ಲಿ ಒಂದು, ಮೂರು, ಐದು, ಏಳನೇ ಗೇರುಗಳು ಒಂದು ಕ್ಲಚ್ಚಿಗೂ ಎರಡು, ನಾಲ್ಕು, ಆರು ಮತ್ತು ರಿವರ್ಸ್ ಇನ್ನೊಂದಕ್ಕೂ ಸೇರಿವೆ. ಕಾರು ಬಿಸಿಯಾಗಿದ್ದಾಗಲೇ ರಿವರ್ಸ್ ಹಾಕಿ ನಿಧಾನವಾಗಿ ಹಿಂದಕ್ಕೆ ಬಿಟ್ಟರೆ ನಡುಕವಿಲ್ಲ, ಮುಂದಕ್ಕೆ ಬಿಟ್ಟರೆ ಇದೆ. ಅಂದರೆ ಪ್ರತಿ ಬಾರಿ ನಿಂತ ಕಾರನ್ನು ಎಳೆದು ಹೊರಡಿಸುವ ಬೆಸ ಗೇರುಗಳ ಕ್ಲಚ್ಚೇ ಸವೆದಿತ್ತು.

ಮ್ಯಾನುವಲ್ ಕಾರು ಕಲಿಸುವವರು 'ಹಾಫ್ ಕ್ಲಚ್ಚಿನಲ್ಲಿ ಓಡಿಸಬೇಡ', ಅಂದರೆ ಕ್ಲಚ್ಚನ್ನು ಅರ್ಧ ಹಿಡಿಸಿ ಜಾರಿಸಬೇಡ, ಎಂದು ಗದರುತ್ತಾರೆ. ಎರಡೇ ಪೆಡಲ್ ಇರುವ ಕಾರಿನಲ್ಲಿ ಆ ಮಾತು ಮರೆತುಹೋಗುತ್ತದೆ, ಆದರೆ ಬ್ರೇಕನ್ನು ಅರೆಬರೆ ಒತ್ತಿ ಇಂಚಿಂಚು ತೆವಳುವಾಗ ಗೇರ್‌ಬಾಕ್ಸ್ ನಮ್ಮ ಪರವಾಗಿ ಮಾಡುತ್ತಿರುವುದು ಅದನ್ನೇ. ಟಾರ್ಕ್ ಕನ್ವರ್ಟರ್ (ಎಂಜಿನ್ನಿನ ಬಲವನ್ನು ಎಣ್ಣೆಯ ಮೂಲಕ ದಾಟಿಸುವ ಭಾಗ) ಇರುವ ಕಾರಿನಲ್ಲಿ ಆ ಜಾರಾಟವನ್ನು ಎಣ್ಣೆ ತಡೆದುಕೊಳ್ಳುತ್ತದೆ. ಇಲ್ಲಿ ಕ್ಲಚ್ ಪ್ಲೇಟಿನ ಲೈನಿಂಗ್ (ಉಜ್ಜಿ ಹಿಡಿಯುವ ಪದರ) ತಡೆದುಕೊಳ್ಳಬೇಕು, ತಣಿಸಲು ಸುತ್ತಲಿನ ಗಾಳಿಯಷ್ಟೇ ಇರುತ್ತದೆ. ಬಿಸಿ ಹೆಚ್ಚಿದಂತೆ ಲೈನಿಂಗ್ ಗಾಜಿನಂತೆ ನುಣುಪಾಗಿ, ಹಿಡಿದು ಬಿಟ್ಟು ಹಿಡಿಯತೊಡಗುತ್ತದೆ. ನಮಗೆ ತಿಳಿಯುವ ನಡುಕ ಅದೇ.

ಒಂದು ಸ್ಕ್ಯಾನರ್ ಕೊಂಡು ಡ್ಯಾಶ್‌ಬೋರ್ಡ್ ಕೆಳಗಿನ ಪೋರ್ಟಿಗೆ ಸಿಕ್ಕಿಸಿದ್ದು ನನ್ನ ಕಣ್ಣು ತೆರೆಸಿತು. ಅದು ತೋರಿಸುವ ಕ್ಲಚ್ ತಾಪ ಕಂಪ್ಯೂಟರ್ ಲೆಕ್ಕ ಹಾಕಿದ ಅಂದಾಜು, ಆದರೂ ಅದರ ಏರಿಳಿತ ಸಾಕಷ್ಟು ಹೇಳುತ್ತದೆ. ಸರಾಗ ರಸ್ತೆಯಲ್ಲಿ 100 ಡಿಗ್ರಿಯ ಆಸುಪಾಸಿನಲ್ಲಿರುತ್ತಿದ್ದುದು ಮೇಲ್ಸೇತುವೆಯ ಏರಿನಲ್ಲಿ, ನಾನು ಬ್ರೇಕ್ ಬಿಟ್ಟು ಆಕ್ಸಿಲರೇಟರ್ ಮೇಲೆಯೇ ಕಾರನ್ನು ತಡೆದು ನಿಲ್ಲಿಸುತ್ತಿದ್ದಾಗ, ನೋಡನೋಡುತ್ತ 200 ದಾಟಿತು.

ಗೇರ್ ಆಯಿಲ್ ಬದಲಿಸಿದರೆ ಸರಿಹೋಗುತ್ತದೆ ಎಂದು ಒಂದು ಗ್ಯಾರೇಜಿನಲ್ಲಿ ಹೇಳಿದರು. ಒಣ ಕ್ಲಚ್ಚಿಗೆ ಆ ಎಣ್ಣೆ ತಾಗುವುದೇ ಇಲ್ಲವಾದ್ದರಿಂದ ಒಪ್ಪಲಿಲ್ಲ. ಬೇರೊಂದು ಕಡೆ ಅಡಾಪ್ಟೇಶನ್ ಮಾಡಿಸಿದೆ. ಕ್ಲಚ್ ಎಲ್ಲಿ ಹಿಡಿಯುತ್ತದೆ ಎಂಬುದನ್ನು ಕಂಪ್ಯೂಟರಿಗೆ ಮತ್ತೆ ಕಲಿಸುವ ಈ ಕೆಲಸದಿಂದ ಎರಡು ವಾರ ನಡುಕ ತಗ್ಗಿ, ಬಳಿಕ ಮರಳಿತು. ಸುಟ್ಟ ಲೈನಿಂಗನ್ನು ಸಾಫ್ಟ್‌ವೇರ್ ಮತ್ತೆ ಬೆಳೆಸಲಾರದು.

ಕೊನೆಗೆ ಗೇರ್‌ಬಾಕ್ಸ್ ಇಳಿಸಿದಾಗ ಪಕ್ಕದಲ್ಲೇ ನಿಂತು ನೋಡಿದೆ. ಕ್ಲಚ್ಚನ್ನು ಒತ್ತಿ ಹಿಡಿಯುವ ಪ್ರೆಷರ್ ಪ್ಲೇಟಿನ ಮೇಲೆ ಬಿಸಿಗೆ ಎದ್ದ ನೀಲಿ ಕಲೆಗಳಿದ್ದವು. ಹೊಸ ಕ್ಲಚ್ ಸೆಟ್ ಕೂರಿಸುವಾಗ ಬೇರಿಂಗಿನ ಅಂತರವನ್ನು ಅಳೆದು ತಕ್ಕ ದಪ್ಪದ ಶಿಮ್ (ಅಂತರ ತುಂಬುವ ತೆಳು ಬಿಲ್ಲೆ) ಆರಿಸಬೇಕು. ಹಳೆಯ ಶಿಮ್ಮನ್ನೇ ಹಾಕುವ ಮೆಕ್ಯಾನಿಕ್‌ಗೆ ಈ ಕೆಲಸ ಕೊಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಈಗ ನಾನು ಮುಂದಿನ ಗಾಡಿಗೆ ಅಂಟಿಕೊಳ್ಳುವುದಿಲ್ಲ. ಬ್ರೇಕನ್ನು ಪೂರ್ತಿ ಒತ್ತಿ ನಿಲ್ಲುತ್ತೇನೆ, ಏಕೆಂದರೆ ಆಗ ಕ್ಲಚ್ ಬಿಡಿಸಿಕೊಳ್ಳುತ್ತದೆ; ಎರಡು ಮೂರು ಕಾರಿನಷ್ಟು ಜಾಗವಾದ ಮೇಲೆಯೇ, ಕ್ಲಚ್ ಪೂರ್ತಿ ಹಿಡಿಯುವಂತೆ, ಒಮ್ಮೆಗೆ ಹೊರಡುತ್ತೇನೆ. ಏರಿನಲ್ಲಿ ಹ್ಯಾಂಡ್‌ಬ್ರೇಕ್. ಆ ಜಾಗಕ್ಕೆ ಆಟೋಗಳು, ಬೈಕುಗಳು ನುಗ್ಗುತ್ತವೆ, ಹಿಂದಿನವರು ಹಾರ್ನ್ ಹೊಡೆಯುತ್ತಾರೆ, ನಾನು ಬಿಟ್ಟುಕೊಡುತ್ತೇನೆ. ಹೊಸ ಕ್ಲಚ್ 19,000 ಕಿಲೋಮೀಟರ್ ಓಡಿದೆ, ಸಿಲ್ಕ್ ಬೋರ್ಡಿನ ಸಂಜೆಗಳಲ್ಲೂ ಸ್ಕ್ಯಾನರ್ 150ರ ಮೇಲೆ ತೋರಿಸಿದ್ದನ್ನು ನಾನು ಕಂಡಿಲ್ಲ.